ಬಿತ್ತು, ನೀರು ಹಾಕು, ಓಡು

ಒಂದು ಕಾಳಿನ ತೂಕ ಕಾಲು ಪೌಂಡು, ಹತ್ತಿರ ಹತ್ತಿರ 113 ಗ್ರಾಂ. ಬರಿ ಚೀಲದ್ದು ಅರ್ಧ ಪೌಂಡು. ಒಳಗೆ ಎಷ್ಟು ಕಾಳಿವೆ ಎಂದು ಗೊತ್ತಾಗಬೇಕಾದರೆ ನಾಲ್ಕು ಮುಖದ ಮೂರು ದಾಳ ಉರುಳಿಸಬೇಕು. ಕಡಿಮೆಯೆಂದರೆ 3, ಹೆಚ್ಚೆಂದರೆ 12. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದ ನಿಯಮಪುಸ್ತಕದಲ್ಲಿ ‘ಬ್ಯಾಗ್ ಆಫ್ ಬೀನ್ಸ್’ ಎಂಬ ಮಾಯದ ಚೀಲದ ವಿವರ ಈ ಲೆಕ್ಕದಿಂದಲೇ ಶುರುವಾಗುತ್ತದೆ. ಮೊದಲ ಸಲ ಓದಿದಾಗ ನನ್ನ ತಲೆಯಲ್ಲಿ ಕೂತದ್ದು ಮಾಯೆಯಲ್ಲ, ತೂಕ. ಕೃಷಿ ಪದವಿಯ ದಿನಗಳಲ್ಲಿ ನೂರು ಕಾಳಿಗೆ ಎಷ್ಟು ಗ್ರಾಂ ಎಂದು ತೂಗಿ ತೂಗಿ ಬರೆದಿಟ್ಟವನು ನಾನು. ಅವರೆಯ ನೂರು ಕಾಳು ಸೇರಿದರೂ ಈ ಒಂದು ಕಾಳಿನ ಅರ್ಧ ತೂಗುವುದಿಲ್ಲ. ಇದನ್ನು ಬರೆದವರು ಯಾರೋ ಹೊಲ ಕಂಡವರಲ್ಲ ಅಂದುಕೊಂಡೆ.

ಚೀಲವನ್ನು ನೆಲಕ್ಕೆ ಸುರಿದರೆ ಕಾಳೆಲ್ಲ ಒಟ್ಟಿಗೆ ಸಿಡಿದು ಸುತ್ತ ಹತ್ತು ಅಡಿ ಬೆಂಕಿ. ಒಂದೊಂದೇ ತೆಗೆದು ಮಣ್ಣಿನಲ್ಲೋ ಮರಳಿನಲ್ಲೋ ಊರಿ ನೀರು ಹಾಕಿದರೆ, ಸರಿಯಾಗಿ ಒಂದು ನಿಮಿಷಕ್ಕೆ ಅಲ್ಲಿಂದ ಏನೋ ಒಂದು ಮೇಲೇಳುತ್ತದೆ. ಏನೆಂಬುದನ್ನು ನೂರರ ದಾಳ ಹೇಳುತ್ತದೆ. ಹತ್ತು ಮುಖದ ಎರಡು ದಾಳ, ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿಗೆ. ಆಟದಲ್ಲಿ ಒಂದು ನಿಮಿಷವೆಂದರೆ ಆರು ಸೆಕೆಂಡಿನ ಹತ್ತು ಸುತ್ತು. ಸಾಧಾರಣ ಮನುಷ್ಯ ಪಾತ್ರ ಜೀವ ಬಿಟ್ಟು ಓಡಿದರೆ ಒಂದು ಸುತ್ತಿಗೆ 60 ಅಡಿ ದಾಟುತ್ತದೆ. ಹಾಗಾಗಿ ಈ ಚೀಲ ಸಿಕ್ಕ ಯಾವ ಗುಂಪೂ ಎರಡನೇ ಕಾಳಿನ ಹೊತ್ತಿಗೆ ಒಂದು ಪದ್ಧತಿ ಕಲಿತಿರುತ್ತದೆ: ಬಿತ್ತು, ನೀರು ಹಾಕು, ಓಡು. 600 ಅಡಿ ದೂರದಲ್ಲಿ ನಿಂತು ತಿರುಗಿ ನೋಡು.

ನಾನು ಈ ಆಟಕ್ಕೆ ಸಿಕ್ಕಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನಲ್ಲಿ, ಮಣ್ಣುಶಾಸ್ತ್ರ ಓದಲು ಹೋಗಿದ್ದಾಗ. ಅಲ್ಲಿನ ಚಳಿಗಾಲದಲ್ಲಿ ಮಣ್ಣು ಕಲ್ಲಾಗಿರುತ್ತದೆ. ಮಣ್ಣು ಓದುವವನಿಗೆ ಹೊರಗೆ ಕೆಲಸವೇ ಇರುವುದಿಲ್ಲ. ಶುಕ್ರವಾರ ಸಂಜೆ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳ ಮನೆಯಲ್ಲಿ ಸೇರುತ್ತಿದ್ದೆವು. ಆಕೆಯೇ ಡಂಜನ್ ಮಾಸ್ಟರ್, ಎಲ್ಲರ ಬಾಯಲ್ಲಿ ಡಿಎಂ. ಅಂದರೆ ಲೋಕ ಆಕೆಯದು, ಅದರೊಳಗೆ ಓಡಾಡುವ ಒಬ್ಬೊಬ್ಬ ಮನುಷ್ಯ ನಮ್ಮದು. ಸಸ್ಯತಳಿಯ ಮೇಲೆ ಕೆಲಸ ಮಾಡುವ ಬ್ರೆಜಿಲ್‌ನವನು ಧರ್ಮಯೋಧ ಪ್ಯಾಲಡಿನ್ ಆಗಿದ್ದ. ಚೆನ್ನೈನ ಹುಡುಗಿ ಕಳ್ಳಿ. ಗಣಿತ ಓದುವ ಒಬ್ಬ ಮೌನಿ ಮಾಂತ್ರಿಕ. ಗಿಡಮರಗಳ ಜೊತೆ ಮಾತಾಡುವ ಕುಳ್ಳ ಡ್ರೂಯಿಡ್ ನನ್ನ ಪಾಲಿಗೆ ಬಂದ. ಅವನಿಗೆ ನಾನಿಟ್ಟ ಹೆಸರು ಬೋರೇಗೌಡ. ಅವರ ಬಾಯಲ್ಲಿ ಅದು ಬೊರೇ ಆಯಿತು, ಯಾವುದೋ ಫ್ರೆಂಚ್ ಶ್ರೀಮಂತನಂತೆ. ಸುಮ್ಮನಿದ್ದೆ.

ಆಟ ಹುಟ್ಟಿದ ಊರು ಅಲ್ಲಿಂದ ಒಂದೂವರೆ ಗಂಟೆಯ ದಾರಿ. ಲೇಕ್ ಜಿನೀವಾ ಎಂಬ ಸಣ್ಣ ಊರು, ಷಿಕಾಗೋದ ಜನ ಬೇಸಿಗೆಗೆ ಬಂದು ಕೆರೆ ನೋಡಿ ಹೋಗುವ ಜಾಗ. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬ ವಿಮೆ ಕಂಪನಿಯ ಮಾಜಿ ನೌಕರ, ನೆಲಮಾಳಿಗೆಯಲ್ಲಿ ಚಪ್ಪಲಿ ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದವನು, ಅದೇ ನೆಲಮಾಳಿಗೆಯಲ್ಲಿ ಮರಳು ತುಂಬಿದ ದೊಡ್ಡ ಮೇಜಿನ ಮೇಲೆ ಗೊಂಬೆ ಸೈನಿಕರ ಯುದ್ಧ ಆಡಿಸುತ್ತಿದ್ದ. ಮಿನೆಸೋಟಾದ ಡೇವ್ ಆರ್ನೆಸನ್ ಜೊತೆ ಸೇರಿ 1974ರಲ್ಲಿ ಹೊರತಂದ ಆಟವೇ ಇದು. ಮೊದಲ ಮುದ್ರಣ ಸಾವಿರ ಡಬ್ಬಿ. ಅದಕ್ಕೂ ಮುಂಚೆ, 1968ರಲ್ಲಿ, ಯುದ್ಧದಾಟದ ಹುಚ್ಚರನ್ನೆಲ್ಲ ಗೈಗ್ಯಾಕ್ಸ್ ಆ ಊರಿನ ಒಂದು ಸಭಾಂಗಣದಲ್ಲಿ ಸೇರಿಸಿದ್ದ. ಇಂದು ಹತ್ತಾರು ಸಾವಿರ ಜನ ಸೇರುವ ಜೆನ್ ಕಾನ್ ಮೇಳದ ಶುರು ಅದು. ಆ ಕಟ್ಟಡದ ಹೆಸರು ಹಾರ್ಟಿಕಲ್ಚರಲ್ ಹಾಲ್. ತೋಟಗಾರಿಕೆಯವರ ಮನೆ! ಹೊಲ ಕಂಡವರಲ್ಲ ಎಂದುಕೊಂಡಿದ್ದೆನಲ್ಲ, ಹೂವಿನ ತೋಟದವರ ಹಾಲಿನಲ್ಲಾದರೂ ಕೂತವರು. ಒಂದು ಭಾನುವಾರ ಎಲ್ಲರೂ ಹೋಗಿ ಆ ಕಟ್ಟಡದ ಮುಂದೆ ಫೋಟೋ ತೆಗೆಸಿಕೊಂಡು ಬಂದೆವು.

ಡಿಎಂ ಹತ್ತಿರ ಅಪ್ಪನಿಂದ ಬಂದ 1979ರ ಹಳೆಯ ಪುಸ್ತಕ ಇತ್ತು. ಅದರಲ್ಲೂ ಈ ಕಾಳಿನ ಚೀಲ ಇದೆ. ನಾವು ಆಡುತ್ತಿದ್ದದ್ದು 2014ರ ಐದನೇ ಆವೃತ್ತಿ. ಕಾಳಿಗೆ ನೂರರ ಪೂರ್ತಿ ಪಟ್ಟಿ ಇರುವುದು ಅದರಲ್ಲಿ. ಇದರ ಬೇರು ಜ್ಯಾಕ್‌ನ ಬಳ್ಳಿಯ ಕಥೆ ಎಂದು ಯಾರಿಗಾದರೂ ಹೊಳೆಯುತ್ತದೆ. 1807ರಲ್ಲಿ ಬೆಂಜಮಿನ್ ಟ್ಯಾಬರ್ಟ್, 1890ರಲ್ಲಿ ಜೋಸೆಫ್ ಜೇಕಬ್ಸ್ ಅಚ್ಚು ಹಾಕಿಸಿ ಲೋಕಕ್ಕೆಲ್ಲ ಹಬ್ಬಿಸಿದ ಇಂಗ್ಲಿಷ್ ಕಥೆ: ಹುಡುಗ ಹಸು ಕೊಟ್ಟು ಕಾಳು ತರುತ್ತಾನೆ, ತಾಯಿ ಸಿಟ್ಟಿನಲ್ಲಿ ಕಿಟಕಿಯಾಚೆ ಎಸೆಯುತ್ತಾಳೆ, ಬೆಳಗಾಗುವುದರಲ್ಲಿ ಬಳ್ಳಿ ಮುಗಿಲು ಮುಟ್ಟಿರುತ್ತದೆ. ಈ ಆಟದಲ್ಲಿ ಆ ತಾಯಿ ಹಾಗೆ ಚೀಲ ಕೊಡವಿದ್ದರೆ ಹಿತ್ತಲಿಗೆ ಬೆಂಕಿ ಬಿದ್ದು ಕಥೆ ಅಲ್ಲೇ ಮುಗಿಯುತ್ತಿತ್ತು.

ಆದರೆ ಪಟ್ಟಿ ನೋಡಿದರೆ ಕಥೆಯ ಆ ಬಳ್ಳಿಗೆ ಇಟ್ಟಿರುವುದು ನೂರರಲ್ಲಿ ಒಂದೇ ಅಂಕಿ, ಸೊನ್ನೆ-ಸೊನ್ನೆ. ಉಳಿದ ತೊಂಬತ್ತೊಂಬತ್ತು ಕಥೆಗೆ ಸಂಬಂಧವೇ ಇಲ್ಲದವು. ನೀಲಿ ಜ್ವಾಲೆಯ ಶಿಬಿರದ ಬೆಂಕಿ, ಒಂದು ದಿನ ಉರಿಯುತ್ತದೆ. ಮೂವತ್ತು ಅಡಿ ಚಿಮ್ಮುವ ಬುಗ್ಗೆ. ನೀರೋ ಬಿಯರೋ ಚಹಾವೋ ವಿನೆಗರೋ, ಡಿಎಂ ಹೇಳಿದ್ದು. ಚೀರುವ ಅಣಬೆಗಳು. ಮುಟ್ಟಿದರೆ ರಾಕ್ಷಸನಾಗುವ ಗುಲಾಬಿ ಕಪ್ಪೆಗಳು. ಗೂಡಿನಲ್ಲಿ ಮೊಟ್ಟೆ: ತಿಂದು ದಕ್ಕಿಸಿಕೊಂಡವನಿಗೆ ಇರುವ ಗುಣಗಳಲ್ಲಿ ಅತಿ ದುರ್ಬಲವಾದದ್ದು ಶಾಶ್ವತವಾಗಿ ಒಂದಂಕ ಏರುತ್ತದೆ, ದಕ್ಕದಿದ್ದರೆ ಹೊಟ್ಟೆಯಲ್ಲೇ ಸ್ಫೋಟ. ಹಣ್ಣಿನ ಮರದ ಮೇಲೆ ಇಪ್ಪತ್ತೊಂದರಿಂದ ಮೂವತ್ತು ಹಣ್ಣು. ಕೆಲವು ಮಾಯದ ಮದ್ದು, ಒಂದೇ ಒಂದು ವಿಷ, ಯಾವುದು ಎಂದು ತಿಂದವನಿಗೇ ಗೊತ್ತು.

ನೆಲ ಬಗೆದು ಬರುವ ‘ಬುಲೇ’ ಎಂಬ ಚಿಪ್ಪಿನ ಮೃಗದ ಹುಟ್ಟು ನನಗೆ ಬಲು ಇಷ್ಟ. ಆ ಕಾಲದಲ್ಲಿ ಅಗ್ಗದ ಅಂಗಡಿಗಳಲ್ಲಿ ಹಾಂಕಾಂಗ್‌ನ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣ ಸಿಗುತ್ತಿದ್ದವು. ಡೈನೋಸಾರ್ ಎಂದು ಹೆಸರು, ಡೈನೋಸಾರಿನ ಲಕ್ಷಣ ಒಂದಕ್ಕೂ ಇಲ್ಲ. ಗೈಗ್ಯಾಕ್ಸ್ ಅವನ್ನು ಮರಳಿನ ಮೇಜಿಗೆ ತಂದು ನಿಲ್ಲಿಸಿದ. ಅವುಗಳಿಗೊಂದೊಂದು ಪುರಾಣ ಹುಟ್ಟಿತು. ಬುಲೇಯನ್ನು ಟಿಮ್ ಕ್ಯಾಸ್ಕ್ 1976ರಲ್ಲಿ ‘ದಿ ಡ್ರ್ಯಾಗನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬರೆದ. ತಪ್ಪು ಅಚ್ಚಿನಲ್ಲಿ ಎರಕಗೊಂಡ ಒಂದು ಆಟಿಕೆ ಹೀಗೆ ನೆಲದಡಿಯ ಶಾರ್ಕ್ ಆಗಿ, ನಲವತ್ತು ವರ್ಷದ ಮೇಲೆ ನಮ್ಮ ಕಾಳಿನಿಂದ ಎದ್ದು ಕಳ್ಳಿಯ ಕುದುರೆಯನ್ನು ನುಂಗಿತು.

ನಮಗೆ ಚೀಲ ಸಿಕ್ಕಿದ್ದು ಸತ್ತ ವ್ಯಾಪಾರಿಯೊಬ್ಬನ ಗಾಡಿಯಲ್ಲಿ. ಎಂಟು ಕಾಳು. ಗಣಿತದವನು ಅಂದೇ ಲೆಕ್ಕ ಹಾಕಿ ಹೇಳಿದ: ಎಂಟನ್ನೂ ನೆಟ್ಟರೆ ಮುಗಿಲ ಬಳ್ಳಿ ಏಳುವ ಸಾಧ್ಯತೆ ನೂರಕ್ಕೆ ಎಂಟರಷ್ಟೂ ಇಲ್ಲ, ಆದರೆ ಒಂದಾದರೂ ಪಿರಮಿಡ್ಡು ಏಳುವ ಸಾಧ್ಯತೆ ಅರ್ಧಕ್ಕಿಂತ ಮೇಲೆ. ಪಿರಮಿಡ್ಡಿಗೆ ಮೀಸಲಾದವು 91ರಿಂದ 99ರ ಅಂಕಿಗಳು. ಒಳಗಿನ ಶವಪೆಟ್ಟಿಗೆಯಲ್ಲಿ ಮಮ್ಮಿಗಳ ಒಡೆಯನೊಬ್ಬ ಮಲಗಿರುತ್ತಾನೆ. ಆಟದ ಅಳತೆಯಲ್ಲಿ ಅವನ ಬಲ ಹದಿನೈದು. ನಾವಿನ್ನೂ ಮೂರನೇ ಹಂತದ ಹುಡುಗರು. ಎಲ್ಲರೂ ಲೆಕ್ಕ ಕೇಳಿದೆವು, ತಲೆಯಾಡಿಸಿದೆವು, ಮೊದಲ ಕಾಳು ನೆಟ್ಟೆವು. ನೀಲಿ ಬೆಂಕಿ ಬಂತು. ಹಿಮದ ಕಣಿವೆಯಲ್ಲಿ ಬೆಚ್ಚಗೆ ಮಲಗಿದೆವು. ಅಲ್ಲಿಗೆ ಚೀಲದ ಭಯ ಹೋಯಿತು.

ಎರಡನೆಯದನ್ನು ಬೋರೇಗೌಡ ಒಂದು ಕವಲುದಾರಿಯಲ್ಲಿ ನೆಟ್ಟ. 27 ಬಂತು. ನೆಲದಿಂದ ಅವನದೇ ರೂಪದ ಕಲ್ಲಿನ ಪ್ರತಿಮೆ ಎದ್ದು ನಿಂತಿತು. ನಿಯಮದ ಪ್ರಕಾರ ಅದು ಅಲುಗುವುದಿಲ್ಲ, ಆದರೆ ಬಾಯಿದೆ. ನೆಟ್ಟವನನ್ನು ಬೆದರಿಸುತ್ತದೆ. ಅವನು ಹೋದ ಮೇಲೆ ದಾರಿಹೋಕರಿಗೆಲ್ಲ ಅವನಷ್ಟು ನೀಚ ಇನ್ನೊಬ್ಬನಿಲ್ಲ ಎಂದು ವರ್ಣಿಸಿ, ಹುಡುಕಿ ಹೊಡೆಯಿರಿ ಎಂದು ಅಟ್ಟುತ್ತದೆ. ಅವನೆಲ್ಲಿದ್ದಾನೆಂದೂ ಅದಕ್ಕೆ ಗೊತ್ತಿರುತ್ತದೆ. ಒಂದು ದಿನ ಕಳೆದರೆ ಬರೀ ಕಲ್ಲು.

ಡಿಎಂ ನನ್ನ ಕಡೆ ತಿರುಗಿ, ಪ್ರತಿಮೆ ನಿನ್ನದು, ನೀನೇ ಮಾತಾಡಿಸು ಎಂದಳು. ನಿಮ್ಮ ಭಾಷೆಯಲ್ಲೇ ಬೈಯಲಿ ಎಂದ ಪ್ಯಾಲಡಿನ್.

ಎದ್ದು ನಿಂತು ಶುರು ಮಾಡಿದೆ. ನಮ್ಮ ಕಡೆ ಸಂತೆಯಲ್ಲಿ ಕೇಳುವ ಬೈಗುಳ ಮೊದಲು. ಅದಕ್ಕೆ ಅರ್ಥ ಬೇಕಿಲ್ಲ, ಎಲ್ಲ ನಕ್ಕರು. ಆಮೇಲೆ ಬಾಯಿ ತಾನೇ ಬೇರೆ ದಾರಿ ಹಿಡಿಯಿತು. “ಏನ್ಲಾ ಬೋರ, ಮಣ್ಣು ಓದಕ್ಕೆ ಸಮುದ್ರ ದಾಟಿ ಬಂದಿದೀಯಲ್ಲ, ನಿಮ್ಮಪ್ಪನ ಹೊಲದಲ್ಲಿ ಇರೋದು ಮಣ್ಣಲ್ವೇನ್ಲಾ? ಅವನು ಒಬ್ನೇ ನೀರು ಕಟ್ತಾ ಅವ್ನೆ, ನೀನಿಲ್ಲಿ ಕುಳ್ಳ ಆಗಿ ಕೂತಿದೀಯ. ದುಡ್ಡು ಕಳ್ಸುದ್ರೆ ಆಗೋಯ್ತಾ?” ಹೀಗೆ ಸುಮಾರು ಹೊತ್ತು. ಮೇಜಿನ ಸುತ್ತ ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಕಳ್ಳಿಗೆ ಮಾತ್ರ ತಮಿಳಿನ ಕಿವಿಗೆ ಅಪ್ಪ, ನೀರು ಎಂಬಷ್ಟು ಬಿದ್ದಿರಬೇಕು. ಆಕೆ ನಗುವುದನ್ನು ನಿಲ್ಲಿಸಿದ್ದಳು. ಉಳಿದವರು ಚಪ್ಪಾಳೆ ತಟ್ಟಿದರು.

ತೊಂದರೆ ಬಂದದ್ದು ಮುಂದಿನ ಶುಕ್ರವಾರ. ಹಳ್ಳಿಯವರು ಆ ಪ್ರತಿಮೆಯ ಮಾತು ಕೇಳಿ ದೊಣ್ಣೆ ಹಿಡಿದು ಬಂದಿದ್ದಾರೆ, ಎಂದಳು ಡಿಎಂ. ಅವರಿಗೆ ಅದು ಏನೆಂದು ಹೇಳಿತ್ತು? ನಾನು ಒಂದು ಗಳಿಗೆ ತಡೆದು, ಬೋರೇಗೌಡ ಒಂದು ಹಸು ಕದ್ದಿದ್ದಾನೆ ಅಂತ, ಎಂದೆ. ಜ್ಯಾಕ್‌ನ ಹಸು ತಲೆಯಲ್ಲಿತ್ತೋ ಏನೋ. ಡಿಎಂ ತಲೆಯಾಡಿಸಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಈ ಆಟದಲ್ಲಿ ಬರೆದುಕೊಂಡದ್ದಕ್ಕೆ ಬೆಲೆ ಇದೆ. ಆಮೇಲೆ ಹೋದ ಊರಲ್ಲೆಲ್ಲ ಬೋರೇಗೌಡ ಹಸುಗಳ್ಳ. ಛತ್ರದಲ್ಲಿ ಜಾಗ ಕೊಡುವುದಿಲ್ಲ, ಕೊಟ್ಟಿಗೆಯ ಹತ್ತಿರ ಸುಳಿದರೆ ನಾಯಿ ಬಿಡುತ್ತಾರೆ. ಒಂದೂರಿನಲ್ಲಿ ವಿಚಾರಣೆಯೇ ನಡೆಯಿತು, ಮಾಂತ್ರಿಕ ವಕೀಲನಾದ. ಬಳ್ಳಿ, ಪಿರಮಿಡ್ಡು, ರಾಕ್ಷಸ ಏನೇ ಎದ್ದರೂ ಎಲ್ಲರಿಗೂ ಕಾಣುತ್ತದೆ, ಓಡಬಹುದು. ಮಾತಾಡುವ ಕಲ್ಲು ಹಾಗಲ್ಲ. ಇಡೀ ಪಟ್ಟಿಯಲ್ಲಿ ನೆಟ್ಟವನು ಯಾರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದೊಂದೇ. ಅದನ್ನು ಸೇರಿಸಿದವರು ಯಾರೋ, ಬರಿ ತಮಾಷೆಗೆಂದು ಸೇರಿಸಿದ್ದಾರು ಎಂದು ನನಗೆ ಅನಿಸುವುದಿಲ್ಲ.

ಪಿರಮಿಡ್ಡು ಗಣಿತದವನ ಲೆಕ್ಕದಂತೆ ಬಂದೇ ಬಂತು. ಆಗ ನಾವು ಐದನೇ ಹಂತ. ಒಬ್ಬ ವಿಧವೆಯ ಮನೆಯಲ್ಲಿ ಉಂಡೆವು. ಋಣ ತೀರಿಸಬೇಕೆಂದು ಪ್ಯಾಲಡಿನ್ ಅವಳ ಬಾರ್ಲಿ ಹೊಲದಲ್ಲಿ ಒಂದು ಕಾಳು ನೆಟ್ಟ. ಅವನ ಮನಸ್ಸಿನಲ್ಲಿ ಇದ್ದದ್ದು ಹಣ್ಣಿನ ಮರ. ದಾಳ ಎಲ್ಲರ ಕಣ್ಣೆದುರು ಉರುಳಿ 94ರಲ್ಲಿ ನಿಂತಿತು. ಅರವತ್ತು ಅಡಿ ಅಗಲ, ಅರವತ್ತು ಅಡಿ ಉದ್ದದ ಕಲ್ಲಿನ ತಳ ಬಾರ್ಲಿಯನ್ನು ಸೀಳಿಕೊಂಡು ಮೇಲೆ ಬಂತು.

ಡಿಎಂ ಚಳಿಗಾಲವಿಡೀ ಬೇರೊಂದು ಕಥೆ ಕಟ್ಟಿದ್ದಳು. ಉತ್ತರದ ಬೆಟ್ಟದಲ್ಲಿ ಡ್ರ್ಯಾಗನ್, ಅದಕ್ಕೆ ನಕ್ಷೆಗಳು, ತಾನೇ ಕೂತು ಬಣ್ಣ ಹಚ್ಚಿದ ಗೊಂಬೆ. ನಾವು ಇನ್ನೆರಡು ದಿನ ನಡೆದಿದ್ದರೆ ಅಲ್ಲಿರುತ್ತಿದ್ದೆವು. ಈ ಕಾಳಿನ ಪಟ್ಟಿಯನ್ನು ಡಿಎಂ ಬಳಸಲೇಬೇಕೆಂದಿಲ್ಲ; ಬೇಕಾದ್ದನ್ನು ಆರಿಸಬಹುದು, ಹೊಸದನ್ನು ಕಟ್ಟಬಹುದು ಎಂದು ಪುಸ್ತಕವೇ ಹೇಳುತ್ತದೆ. ಇನ್ನೊಂದು ಸಲ ಉರುಳಿಸು ಎಂದು ಪ್ಯಾಲಡಿನ್ ಅಂಗಲಾಚಿದ. ಆಕೆ ಒಪ್ಪಲಿಲ್ಲ. ಡ್ರ್ಯಾಗನ್ ಪುಸ್ತಕವನ್ನು ಮುಚ್ಚಿ ಬದಿಗಿಟ್ಟು ಹೇಳಿದಳು: ಅದು ಈಗಲೂ ಅಲ್ಲೇ ಇದೆ, ನೀವು ಹೋಗಲಿಲ್ಲ ಅಷ್ಟೇ.

ಆಟ ಕಟ್ಟುವವರು ಈಗೀಗ ಸಮತೋಲದ ಮಾತು ಬಹಳ ಆಡುತ್ತಾರೆ. ಇಂಥ ಹಂತದವರಿಗೆ ಇಂಥ ಬಲದ ಶತ್ರು ಎಂದು ಕೋಷ್ಟಕಗಳಿವೆ. ಕಾಳಿನ ಪಟ್ಟಿಗೆ ಅದರ ಹಂಗಿಲ್ಲ. ಚೀರುವ ಅಣಬೆಯ ಬಲ ಸೊನ್ನೆ, ಬುಲೇಯದು ಐದು, ನಡೆದಾಡುವ ಮರದ್ದು ಒಂಬತ್ತು, ಮಮ್ಮಿಯದು ಹದಿನೈದು. ಎಲ್ಲ ಒಂದೇ ಚೀಲದಲ್ಲಿ, ಯಾರ ಕೈಗೆ ಸಿಕ್ಕರೂ ಅದೇ. ದೋಷ ಎನ್ನುವವರು ಎನ್ನಲಿ. ನಮ್ಮ ಆಟಕ್ಕೆ ಜೀವ ಬಂದದ್ದು ಅಲ್ಲಿಂದ. ಡಿಎಂ ಕಟ್ಟಿದ ಡ್ರ್ಯಾಗನ್ ಅನ್ನು ನಾವು ಕೊಲ್ಲುತ್ತೇವೆಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಪಿರಮಿಡ್ಡನ್ನು ಏನು ಮಾಡಬೇಕೆಂದು ಮೇಜಿನ ಸುತ್ತ ಒಬ್ಬರಿಗೂ ಗೊತ್ತಿರಲಿಲ್ಲ.

ಹೊಡೆದಾಡಿ ಗೆಲ್ಲುವ ಮಾತಿರಲಿಲ್ಲ. ಮಮ್ಮಿಗಳ ಒಡೆಯನನ್ನು ಕೊಂದರೂ ಅವನ ಹೃದಯ ಉಳಿದಿದ್ದರೆ ಒಂದೇ ದಿನದಲ್ಲಿ ಹೊಸ ದೇಹ ಪಡೆದು ಏಳುತ್ತಾನೆ. ಹಾಗಾಗಿ ಊರು ಖಾಲಿ ಮಾಡಿಸುವ ಕೆಲಸ ಬಿತ್ತು. ಆ ಕೆಲಸ ನನಗೆ ಗೊತ್ತಿತ್ತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ನಮ್ಮಜ್ಜಿಯ ತವರು ನೀರಿಗೆ ಹೋಗಿತ್ತು. ಗಂಟುಮೂಟೆ ಕಟ್ಟಿದ ಕಥೆ ಕೇಳಿಯೇ ಬೆಳೆದವನು ನಾನು. ಇಲ್ಲಿ ಊರು ಮುಳುಗುವ ಬದಲು ಅದರ ನಡುವೆ ಕಲ್ಲು ಎದ್ದಿತ್ತು, ಅಷ್ಟೇ ವ್ಯತ್ಯಾಸ. ಬೋರೇಗೌಡ ಗುಂಪಿನವರನ್ನು ಕಾಡತೊಡಗಿದ: ವಿಧವೆಯ ಹೊಲ ಎಷ್ಟು ಎಕರೆ? ಬದಲಿಗೆ ಕೊಡುವ ಜಾಗದಲ್ಲಿ ಮಣ್ಣು ಎಂಥದು, ನೀರು ಎಷ್ಟು ದೂರ? ಶವಪೆಟ್ಟಿಗೆಯಲ್ಲಿ ನಿಧಿ ಇದ್ದೇ ಇರುತ್ತದೆ, ಅದರಲ್ಲಿ ಅವಳ ಪಾಲೆಷ್ಟು? ಎರಡು ಶುಕ್ರವಾರ ಯಾರೂ ಕತ್ತಿ ಎತ್ತಲಿಲ್ಲ. ಬರೀ ಜಮೀನು ಅಳೆದೆವು. ಪ್ಯಾಲಡಿನ್‌ಗೆ ಸಾಕುಸಾಕಾಯಿತು. ಹಸುಗಳ್ಳನ ಮಾತು ನಂಬಲು ಹಳ್ಳಿಯವರು ಸಿದ್ಧರಿರಲಿಲ್ಲ, ಅದೊಂದು ಬೇರೆ.

ಕೊನೆಗೆ ದಾರಿ ತೋರಿಸಿದ್ದು ಕಳ್ಳಿ. ನಿಯಮದಲ್ಲಿ ಮಣ್ಣು ಅಥವಾ ಮರಳು ಎಂದಿದೆ, ನೆಲವೇ ಆಗಬೇಕೆಂದು ಇದೆಯಾ? ಒಂದು ಬಕೆಟ್ಟಿನಲ್ಲಿ ಮರಳು ತುಂಬಿ ಪಿರಮಿಡ್ಡಿನ ಒಳಕ್ಕೆ ಒಯ್ದರೆ? ಇದರ ಮೇಲೆ ಒಂದು ತಾಸು ವಾದ. ಬಕೆಟ್ಟಿನ ಮರಳು ಕೃಷಿಗೆ ಯೋಗ್ಯವಲ್ಲ ಎಂದು ನಾನು ಶಾಸ್ತ್ರ ಹೇಳಿದೆ, ಯಾರೂ ಕಿವಿಗೊಡಲಿಲ್ಲ. ಡಿಎಂ ಒಪ್ಪಿದಳು. ಶವಪೆಟ್ಟಿಗೆಯ ಪಕ್ಕದಲ್ಲಿ ಬಕೆಟ್ಟಿಟ್ಟು, ಕಾಳು ಊರಿ, ನೀರು ಹಾಕಿ, ಕೈಗೆ ಸಿಕ್ಕಷ್ಟು ನಿಧಿ ಬಾಚಿಕೊಂಡು ಓಡಿದೆವು. 58. ಹನ್ನೊಂದು ಗುಲಾಬಿ ಕಪ್ಪೆಗಳು ಕತ್ತಲೆಯಲ್ಲಿ ಕುಪ್ಪಳಿಸತೊಡಗಿದವು. ಬಾಗಿಲು ಮುಚ್ಚಿ ಬಂಡೆ ಅಡ್ಡ ಹಾಕಿದೆವು. ಎದ್ದ ಮಮ್ಮಿ ಕಾಲಿಟ್ಟಲ್ಲೆಲ್ಲ ಕಪ್ಪೆ, ಮುಟ್ಟಿದರೆ ರಾಕ್ಷಸ, ಒಂದು ನಿಮಿಷಕ್ಕೆ ಗುಲಾಬಿ ಹೊಗೆ. ಒಳಗೆ ಏನು ನಡೆಯಿತೆಂದು ಡಿಎಂ ಹೇಳಲೇ ಇಲ್ಲ. ಬಂಡೆಯ ಈಚೆ ಕೇಳಿದ ಸದ್ದುಗಳನ್ನಷ್ಟೇ ಬಾಯಲ್ಲಿ ಮಾಡಿ ತೋರಿಸಿದಳು.

ಓದು ಮುಗಿದು ಗುಂಪು ಚದುರಿತು. ನಾನು ಊರಿಗೆ ಬಂದೆ. ಈಗ ಅಕ್ಕನ ಮಗ ಹತ್ತನೇ ಕ್ಲಾಸು. ‘ಸ್ಟ್ರೇಂಜರ್ ಥಿಂಗ್ಸ್’ ನೋಡಿ ಆಟದ ಹುಚ್ಚು ಹತ್ತಿಸಿಕೊಂಡವನು. ಮೂಲ ನಿಯಮಗಳನ್ನು 2023ರಲ್ಲಿ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಬಿಟ್ಟಿದ್ದಾರೆ, ಕಾಳಿನ ಚೀಲವೂ ಅದರಲ್ಲಿದೆ. ಬೇಸಿಗೆ ರಜೆಯಲ್ಲಿ ಹಾಸನದ ಮನೆಯ ಜಗಲಿಯಲ್ಲಿ ಅವನೇ ಡಿಎಂ. ಹೊಸ ಫಲ ಸೇರಿಸಬಹುದೆಂಬ ನಿಯಮವನ್ನು ಹಿಡಿದು ಅವನೂ ಅವನ ತಂಗಿಯೂ ತಮ್ಮದೇ ಪಟ್ಟಿ ಮಾಡಿದ್ದಾರೆ. ಬುಗ್ಗೆಯ ಜಾಗಕ್ಕೆ ಬೋರ್‌ವೆಲ್ ಬಂದಿದೆ. ಸಾವಿರ ಅಡಿ ಕೊರೆದರೂ ದೂಳು, ಇನ್ನೊಂದು ದಾಳ ಹಾಕಿದರೆ ಒಂದೂವರೆ ಇಂಚು ನೀರು. ಬುಲೇ ಹೋಗಿ ಆನೆ ಬಂದಿದೆ. ಸಕಲೇಶಪುರದ ಕಡೆ ಇದು ಮಾಯೆಯ ಪೈಕಿಯೇ ಅಲ್ಲ ಎಂದೆ. ಪಿರಮಿಡ್ಡನ್ನು ಹಾಗೇ ಉಳಿಸಿಕೊಂಡಿದ್ದಾರೆ.

ಅಪ್ಪ ಪೇಪರ್ ಓದುತ್ತಾ ಪಕ್ಕದಲ್ಲೇ ಕೂತಿದ್ದರು. ಒಬ್ಬರು ಕಡಿಮೆ ಇದ್ದಾರೆ, ನೀವೂ ಬನ್ನಿ ತಾತ ಎಂದು ಹುಡುಗ ಎಳೆದು ತಂದ. ನೀವು ರೈತ ಅಂದ. ಅದೇನು ಹೊಸದಾ ಎಂದರು ಅಪ್ಪ. ಕಥೆಯಲ್ಲಿ ಅವರ ಕೈಗೆ ಚೀಲ ಬಂತು. ಒಂದೊಂದು ಕಾಳು ಕಾಲು ಪೌಂಡು ಎಂದು ಕೇಳಿ, ಎಷ್ಟು ಗ್ರಾಂ ಎಂದು ನನ್ನ ಕಡೆ ನೋಡಿದರು. ಹೇಳಿದೆ. ನೆಟ್ಟರೆ ಏನಾಗಬಹುದು ಎಂಬುದನ್ನು ಮೊಮ್ಮಗಳು ಪಟ್ಟಿಯಿಂದ ಓದಿ ಹೇಳಿದಳು, ಬೋರ್‌ವೆಲ್, ಆನೆ, ಪಿರಮಿಡ್ಡು, ಎಲ್ಲ. ಆಕೆ ಓದಿ ಮುಗಿಸುವವರೆಗೂ ಸುಮ್ಮನಿದ್ದರು.

“ಈ ಊರಲ್ಲಿ ಸಂತೆ ಯಾವತ್ತು?”

“ಇವತ್ತೇ ಅಂತ ಇಟ್ಕೊಳಿ ತಾತ.”

“ಚೀಲ ತಗೊಂಡು ಸಂತೆಗೆ ಹೋಗ್ತೀನಿ. ಕೊಟ್ಟು ಒಂದು ಹಸ ಹಿಡ್ಕೊಂಡು ಬತ್ತೀನಿ.”

ಹುಡುಗ ಕಣ್ಣು ಬಿಟ್ಟ. ಮಾಯದ ಚೀಲ ಯಾರಾದರೂ ಮಾರುತ್ತಾರಾ ಎಂದು ವಾದಿಸಿ ನೋಡಿದ. ಆಮೇಲೆ ಒಳ್ಳೆಯ ಡಿಎಂ ಮಾಡುವಂತೆ ಮಾಡಿದ: ವ್ಯಾಪಾರಿಯಾದ, ಚೌಕಾಸಿಗೆ ಇಳಿದ, ಸೋತ. ಹಸು ಸಿಕ್ಕಿತು. ಎಷ್ಟು ಹಾಲು ಕೊಡುತ್ತೆ ಎಂದು ಅಪ್ಪ ಕೇಳಿದರು. ಅದಕ್ಕೆ ಪುಸ್ತಕದಲ್ಲಿ ಪಟ್ಟಿ ಇಲ್ಲ. ಹುಡುಗ ಸ್ವಲ್ಪ ಯೋಚಿಸಿ ಹನ್ನೆರಡು ಮುಖದ ದಾಳ ಎತ್ತಿ ಉರುಳಿಸಿದ. ಹತ್ತು ಬಂತು.

“ಹತ್ತು ಲೀಟರ್ ತಾತ!”

“ಎರಡು ಹೊತ್ತೂ ಸೇರಿಸಿನೋ, ಒಂದು ಹೊತ್ತಿಗೋ?” ಎಂದರು ಅಪ್ಪ.